ಮುಂಗೈ ಮೇಲಿನ ಬರೆ

ನನ್ನ ನಾಲಿಗೆ ಉದ್ದ ಎಂದು ನಮ್ಮತ್ತೆ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು. ಅದೇನೂ ಸುಳ್ಳಲ್ಲ. ಆದರೆ ಅದೇ ನಾಲಿಗೆಯಿಂದ ನಮ್ಮ ಯಜಮಾನರ ಪಿಂಚಣಿಗೆ ಕಲ್ಲು ಬಿತ್ತಲ್ಲ, ಅದನ್ನು ನೆನೆದರೆ ಈಗಲೂ ಆ ನಾಲಿಗೆಯನ್ನು ಕಚ್ಚಿಕೊಳ್ಳುತ್ತೇನೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸೈನ್ಯಕ್ಕೆ ಸೇರಿ ಹೋಗಿದ್ದ ಯಜಮಾನರು ಕಾಯಿಲೆಯೆಂದು ಬಿಡುಗಡೆಯಾಗಿ ಟೇಕಲ್ ಸ್ಟೇಷನ್ನಿನಲ್ಲಿ ಇಳಿದಾಗ ನನಗೆ ಗುರುತೇ ಸಿಗಲಿಲ್ಲ. ಕಣ್ಣು ಹಳದಿ, ಉಗುರು ಹಳದಿ, ಹೆಗಲ ಮೇಲಿನ ಚೀಲವನ್ನೂ ಬೇರೆಯವರೇ ಇಳಿಸಿಕೊಟ್ಟರು. ಹಡಗು ಹತ್ತುವ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೋಳಿಗೆ ಸೂಜಿ ಹಾಕಿದ್ದರಂತೆ, ಪರದೇಶದ ಯಾವುದೋ ಜ್ವರ ಬಾರದಿರಲಿ ಎಂದು.

"ಮೂರು ತಿಂಗ್ಳಿಗೆ ನಮ್ ಸಾಲಲ್ಲಿದ್ದೋರ್ಗೆ ಒಬ್ಬೊಬ್ರಿಗೇ ಕಾಮಾಲೆ ಶುರುವಾಯ್ತು ಕಣೇ. ಬೇರೆ ಕಡೆ ಊಟ ಮಾಡ್ತಿದ್ದೋರ್ಗೂ ಬಂತು. ನಮಗೆಲ್ಲ ಒಂದೇ ಆಗಿದ್ದದ್ದು ಆ ಸೂಜಿ," ಎಂದರು.

ಊರಿನವರು ಇದನ್ನೆಲ್ಲ ಕೇಳುತ್ತಾರೆಯೇ? ಹೆಂಡ ಕುಡಿದು ಕಾಮಾಲೆ ತಂದುಕೊಂಡ ಎಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟರು. ಜನ್ಮದಲ್ಲಿ ಹೆಂಡ ಮುಟ್ಟಿದವರಲ್ಲ ನಮ್ಮವರು.

ನಮ್ಮ ಕಡೆ ಕಾಮಾಲೆಗೆ ಮುಂಗೈ ಮೇಲೆ ಬರೆ ಹಾಕಿಸುವುದು ವಾಡಿಕೆ. ನನಗೂ ಐದು ವರ್ಷದವಳಿದ್ದಾಗ ಹಾಕಿಸಿದ್ದರು. ಅತ್ತೆ ಗಾಡಿ ಕಟ್ಟಿಸಿ ನಮ್ಮಿಬ್ಬರನ್ನೂ ಆವನಿ ಹತ್ತಿರದ ಒಂದು ಹಳ್ಳಿಗೆ ಕರೆದುಕೊಂಡು ಹೋದರು. ಬರೆ ಹಾಕುವ ತಾತ ಕಬ್ಬಿಣದ ಕಡ್ಡಿಯನ್ನು ಕೆಂಡದಲ್ಲಿ ಕಾಯಿಸುತ್ತಾ, "ಗಟ್ಟಿಗಾ ಪಟ್ಟುಕೋಮ್ಮಾ," ಎಂದು ತೆಲುಗಿನಲ್ಲಿ ನನಗೆ ಹೇಳಿದ. ಯಜಮಾನರ ಕೈಯನ್ನು ಗಟ್ಟಿಯಾಗಿಯೇ ಹಿಡಿದುಕೊಂಡೆ. ಯಜಮಾನರು ಹಲ್ಲು ಕಚ್ಚಿಕೊಂಡು ಕೂತಿದ್ದರು, ಅತ್ತವಳು ನಾನು.

ಹಳದಿ ಇಳಿಯಿತು, ಶಕ್ತಿ ಬರಲಿಲ್ಲ. ಬಾವಿಯ ಹತ್ತಿರ ಎತ್ತು ಹೂಡಿ ಕಪಿಲೆ ಹೊಡೆದು ನೀರೆತ್ತಲು ಹೋದರೆ ಅರ್ಧ ಗಂಟೆಗೆ ಪಕ್ಕೆ ಹಿಡಿದುಕೊಂಡು ನೆಲಕ್ಕೆ ಕೂರುವರು. ಇನ್ನು ಪಿಂಚಣಿಯೊಂದೇ ದಿಕ್ಕು. ಕಾಯಿಲೆ ಸೈನ್ಯದಲ್ಲೇ ಬಂದದ್ದು ಎಂದು ಡಾಕ್ಟರು ಬರೆದರೆ ಮಾತ್ರ ಅದು ಸಿಗುತ್ತಿತ್ತು. ಊರಿನವರ ಬಾಯಿಗೂ ಬೀಗ ಬೀಳುತ್ತದೆ ಎಂದು ನನಗೆ ಆಸೆ.

ಅರ್ಜಿ ಹಾಕಿದೆವು, ಡಾಕ್ಟರು ನೋಡಬೇಕೆಂದು ಕೋಲಾರಕ್ಕೆ ಕರೆ ಬಂತು. ಆಫೀಸಿನ ಮುಂದೆ ಹುಣಸೆಮರದ ಕೆಳಗೆ ಕಾಯುತ್ತಿದ್ದಾಗ ಶ್ರೀನಿವಾಸಪುರದ ಕಡೆಯ ಒಬ್ಬ ಹೆಂಗಸು ಕಿವಿಯಲ್ಲಿ ಹೇಳಿದಳು, "ನಾಟಿ ಔಷಧಿ ಮಾಡಿಸ್ದೋರ್ಗೆ ಪಿಂಚಣಿ ಇಲ್ವಂತೆ ಕಣಕ್ಕ. ಬಾಯಿ ಬಿಡಬೇಡ."

ಯಜಮಾನರನ್ನು ನೋಡಿ ಹೊರಗೆ ಕಳಿಸಿದ ಮೇಲೆ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. "ಅವರ ಕೈ ಮೇಲಿರೋದು ಕಾಮಾಲೆ ಬರೆ ಅಲ್ವಾ? ಯಾವಾಗ ಹಾಕಿಸಿದ್ದು?"

"ಚಿಕ್ಕೋರಿದ್ದಾಗ್ಲೇ ಸಾಮಿ," ಎಂದುಬಿಟ್ಟೆ. ಅವರು ಬರೆದುಕೊಂಡರು. ನಾನು ಹೆಬ್ಬೆಟ್ಟು ಒತ್ತಿ, ಬಲು ಜಾಣತನ ಮಾಡಿದೆನೆಂದು ಸೆರಗು ಕೊಡವಿಕೊಂಡು ಬಂದೆ. ಎಂಥ ಪೆದ್ದಿ ನಾನು.

ನಾಲ್ಕು ತಿಂಗಳಿಗೆ ಕಾಗದ ಬಂತು. ಇಂಗ್ಲಿಷಿನಲ್ಲಿದ್ದದ್ದನ್ನು ಸ್ಕೂಲಿನ ಮೇಷ್ಟ್ರು ಕನ್ನಡ ಮಾಡಿ ಹೇಳಿದರು. ಈ ಮನುಷ್ಯನಿಗೆ ಚಿಕ್ಕಂದಿನಿಂದಲೂ ಕಾಮಾಲೆ ಇತ್ತೆಂದು ಹೆಂಡತಿಯೇ ಹೇಳಿದ್ದಾಳೆ, ಆದ್ದರಿಂದ ಪಿಂಚಣಿ ಇಲ್ಲ.

ಯಜಮಾನರು ನನ್ನ ಮುಖ ನೋಡಿದರು. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. "ಹೆದರ್ಕೊಂಡೆಯೇನೇ?" ಎಂದು ಕೇಳಿದರು, ಅಷ್ಟೇ. ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ಮೇಷ್ಟ್ರ ಮನೆಗೆ ಹೋಗಿ, ಮತ್ತೊಂದು ಅರ್ಜಿ ಬರೆದುಕೊಡುವವರೆಗೂ ಜಗಲಿ ಬಿಟ್ಟು ಏಳುವುದಿಲ್ಲ ಎಂದು ಕೂತೆ.

ಎರಡನೆಯ ಸಲ ಬೇರೆ ಡಾಕ್ಟರು, ವಯಸ್ಸಾದವರು. ನಾನು ಯಜಮಾನರ ಕೈಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲೇ ನನ್ನ ಕೈಯಿಟ್ಟೆ. "ನೋಡಿ ಸಾಮಿ. ನಂದು ಐದು ವರ್ಷದೋಳಿದ್ದಾಗ ಹಾಕಿದ್ದು. ಕೈ ಬೆಳೆದಂಗೆ ಬರೇನೂ ಬೆಳೆದು, ಅಗಲವಾಗಿ ಬೆಳ್ಳಗಾಗೈತೆ. ಇವ್ರದು ಕಡ್ಡಿ ಗಾತ್ರ ಹಂಗೇ ಐತೆ, ಕರಿ ಕೂಡ ಮಾಸಿಲ್ಲ. ಇದು ಚಿಕ್ಕಂದಿನ ಬರೇನಾ?"

ಡಾಕ್ಟರು ಕನ್ನಡಕ ಏರಿಸಿಕೊಂಡು ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಾನೇನೋ ನಂಬ್ತೀನಮ್ಮ. ಆದ್ರೆ ನೀನು ಹಿಂದೆ ಕೊಟ್ಟ ಹೇಳಿಕೆ ಫೈಲಲ್ಲಿದೆ. ಹೆಂಡತಿ ಸುಳ್ಳು ಹೇಳಿದಾಳೆ ಅಂತ ಇವರು ಬರೆದುಕೊಡಲಿ, ಮಿಕ್ಕದ್ದು ನಾನು ಬರೀತೀನಿ."

"ಬರ್ಕೊಡಲ್ಲ," ಎಂದರು ಯಜಮಾನರು. "ನನ್ ಹೆಂಡ್ತೀನ ಸುಳ್ಳುಗಾತಿ ಅಂತ ಹೇಳಿ ಬರೋ ಪಿಂಚಣಿ ನನಗೆ ಬೇಡ ಸಾಮಿ." ಎದ್ದೇ ನಿಂತರು.

"ಸುಮ್ಕೆ ಕೂತ್ಕೊಳ್ರೀ," ಎಂದು ಅವರ ತೋಳು ಹಿಡಿದು ಕೂರಿಸಿದೆ. "ಹೇಳಿದೋಳು ನಾನು, ಒಪ್ಕೊಳ್ಳೋಳೂ ನಾನೇ. ಬರ್ಕೊಳ್ಳಿ ಸಾಮಿ." ಡಾಕ್ಟರು ಬರೆದರು, ನಾನು ಹೆಬ್ಬೆಟ್ಟು ಒತ್ತಿದೆ. ಯಜಮಾನರು ಗೋಡೆ ಕಡೆ ಮುಖ ಮಾಡಿಕೊಂಡಿದ್ದರು.

ಒಂದು ವರ್ಷವಾದ ಮೇಲೆ ಉತ್ತರ ಬಂತು. ನಮ್ಮ ಜಗಲಿಯಲ್ಲಿ ಅತ್ತೆ, ಅಕ್ಕಪಕ್ಕದವರು, ಕಟ್ಟೆಯ ಮೇಲೆ ತೀರ್ಪು ಕೊಟ್ಟಿದ್ದವರೂ ಸೇರಿದ್ದರು. ಮೇಷ್ಟ್ರು ಎದ್ದುನಿಂತು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು. ಹೆಂಡತಿ ಮೊದಲು ಸುಳ್ಳು ಹೇಳಿಕೆ ಕೊಟ್ಟದ್ದಾಗಿ ಒಪ್ಪಿಕೊಂಡಿದ್ದಾಳೆ. ಕಾಯಿಲೆ ಸೈನ್ಯದಲ್ಲಿ ಹಾಕಿದ ಸೂಜಿಯ ನಂತರವೇ ಬಂದದ್ದು. ಪಿಂಚಣಿ ಮಂಜೂರಾಗಿದೆ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ. ಎರಡು ವರ್ಷ ಕಾದಿದ್ದ ಸುದ್ದಿ ಕೈಗೆ ಬಂದಿದ್ದರೂ ಯಜಮಾನರ ಮುಖ ಅರಳಲಿಲ್ಲ.

"ಮೇಷ್ಟ್ರೇ," ಎಂದರು, "ಆ ಮೊದಲ್ನೇ ಸಾಲು ಬಿಟ್ಟು ಇನ್ನೊಂದ್ ಸಲ ಓದಿ."