ಹೂಲಿಯಿಂದ ಬಂದ ಬದನೆ

ರಾಚವ್ವನ ಹಿತ್ತಲು ಹದಿನೈದು ಹೆಜ್ಜೆ ಉದ್ದ, ಒಂಬತ್ತು ಹೆಜ್ಜೆ ಅಗಲ. ಎಂ.ಕೆ. ಹುಬ್ಬಳ್ಳಿಯ ಈ ಮನೆಗೆ ಮದುವೆಯಾಗಿ ಬಂದಾಗ, ತವರೂರು ಹೂಲಿಯಿಂದ ಖಣದ ಬಟ್ಟೆಯ ಚೂರಿನಲ್ಲಿ ಕಟ್ಟಿಕೊಂಡು ಒಂದು ಹಿಡಿ ಬದನೆ ಬೀಜ ತಂದಿದ್ದಳು. ಹಸಿರು ಮೈ, ಮುಳ್ಳು ತೊಟ್ಟಿನ ಸಣ್ಣ ಕಾಯಿ. ಎಣಗಾಯಿ ಪಲ್ಯಕ್ಕೆ ಹೇಳಿ ಮಾಡಿಸಿದ್ದು. ಮೂವತ್ತೆಂಟು ವರ್ಷ, ಪ್ರತಿ ಸಲವೂ ಒಂದೆರಡು ಕಾಯಿಗಳನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೆಗೆದು ಬೂದಿಯಲ್ಲಿ ಕಲಸಿ ಇಡುತ್ತ ಬಂದಳು. ತವರಿನ ಹಿತ್ತಲಲ್ಲಿ ಈಗ ಅಣ್ಣನ ಸ್ಲ್ಯಾಬಿನ ಮನೆ ಎದ್ದಿದೆ. ಆ ತಳಿ ಉಳಿದಿದ್ದು ಇವಳಲ್ಲಿ ಮಾತ್ರ.

ಹೋದ ವರ್ಷ ಮಂಗಗಳು ಗಿಡಗಳನ್ನು ಬೇರುಸಹಿತ ಕಿತ್ತವು. ಈ ವರ್ಷ ಮಳೆ ಎರಡು ಸಲ ಸಸಿಮಡಿಯನ್ನು ಕೊಚ್ಚಿಕೊಂಡು ಹೋಯಿತು. ಮೂರನೆಯ ಸಲ ಇದ್ದಬದ್ದ ಬೀಜವನ್ನೆಲ್ಲ ಹಾಕಿದಳು. ಹದಿನೆಂಟು ಗಿಡ ಎದ್ದು ಹೂ ಬಿಟ್ಟವು.

ದೀಪಾವಳಿ ಕಳೆದ ಮೇಲೆ ಅಣ್ಣನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆಂದು ಹೂಲಿಗೆ ಹೋದಳು. ಎಲೆಯಡಿ ಹೇನು ಕಂಡ ಗಂಡ ವೀರಪ್ಪ, ಹೆಂಡತಿಗೆ ಒಂದು ಕೆಲಸ ತಪ್ಪಲಿ ಎಂದು ಹುಳಿ ಮಜ್ಜಿಗೆ ಸೋಸಿ ಪಂಪಿಗೆ ಹಾಕಿ ಹೊಡೆದ. ಐದನೆಯ ದಿನ ಅವಳು ಮರಳಿದಾಗ ಎಲೆಗಳು ತಿರುಚಿಕೊಂಡು ದಾರದಂತಾಗಿದ್ದವು.

"ಯಾವ ಪಂಪ್ ರಿ?"

"ಕಬ್ಬಿಂದ. ತೊಳದ ಹೊಡದೇನಿ."

"ಎಷ್ಟ ಸಲ ತೊಳದ್ರಿ?"

"ಒಮ್ಮೆ."

ಅದು ಕಬ್ಬಿನ ಹೊಲಕ್ಕೆ ಕಳೆನಾಶಕ ಹೊಡೆಯುವ ಪಂಪು. ಆ ಔಷಧಿ ಕಬ್ಬನ್ನು ಬಿಟ್ಟು ಅಗಲ ಎಲೆಯದನ್ನೆಲ್ಲ ಸುಡುತ್ತದೆ. ನಳಿಗೆಯಲ್ಲಿ ಉಳಿದ ಹನಿ ಸಾಕು. ಕಬ್ಬು ಬೆಳೆಯುವ ವೀರಪ್ಪನಿಗೆ ಇದು ಗೊತ್ತಿತ್ತು. ಮಜ್ಜಿಗೆಯ ಹುಳಿಗೆ ವಿಷ ಮುರಿಯುತ್ತದೆ ಎಂದುಕೊಂಡಿದ್ದ.

ಪಕ್ಕದ ಮನೆಯ ತಂಗೆವ್ವ ಬೇಲಿಯಾಚೆಯಿಂದ ನೋಡಿ, "ಮಂಗ್ಯಾಕಿಂತ ಚೊಕ್ಕ ಕೆಲಸ ಮಾಡ್ಯಾರ ಬಿಡ ಯಕ್ಕಾ ನಿಮ್ಮವರು" ಎಂದಳು. ಸಂತೆಯಲ್ಲಿ ಬದನೆಯ ಸಸಿ ಸಿಗುತ್ತವೆ, ತಂದು ಹಚ್ಚು ಎಂದೂ ಹೇಳಿದಳು. ರಾಚವ್ವ ನಗಲಿಲ್ಲ.

ಪಂಪಿನ ಮಜ್ಜಿಗೆ ತೀರಿದ್ದರಿಂದ ಕೊನೆಯ ಸಾಲಿನ ಒಂದು ಗಿಡ ಅರ್ಧ ಉಳಿದಿತ್ತು. ಅದರಲ್ಲಿ ಒಂದೇ ಕಾಯಿ ನಿಂತಿತು, ಸೊಟ್ಟಗೆ. ಹಣ್ಣಾಗುವವರೆಗೆ ಕಾದು, ಬೀಜ ತೆಗೆದು ನೀರಿಗೆ ಹಾಕಿದಳು. ಹೆಚ್ಚಿನವು ತೇಲಿದವು, ತೇಲಿದ್ದು ಜೊಳ್ಳು. ತಳ ಸೇರಿದ ಹನ್ನೊಂದನ್ನು ಊರಿದಳು. ನಾಲ್ಕು ಮೊಳೆತವು, ಮೂರು ಬಾಡಿದವು.

ಉಳಿದ ಒಂದಕ್ಕೆ ನೀರು ಹಾಕಲೇ ಎಂದು ವೀರಪ್ಪ ತಂಬಿಗೆ ಹಿಡಿದು ಕೇಳಿದ.

"ನೀವು ಹಿತ್ತಲಕ್ಕ ಬರಬ್ಯಾಡ್ರಿ," ಎಂದಳು. ದನಿ ಏರಿಸಲಿಲ್ಲ. ಅವನು ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದ.