ಅಧ್ಯಕ್ಷರ ಕುರ್ಚಿಯ ನಾಲ್ಕನೇ ಕಾಲು

ಬೇರೆಯವರು ಯಾರ ಮನೆಗಾದರೂ ಹೋದರೆ ಮೊದಲು ಮನೆಯವರ ಮುಖ ನೋಡುತ್ತಾರೆ. ನಮ್ಮ ಬುಷ್ ಮಾವ ಮೊದಲು ನೋಡುವುದು ಕುರ್ಚಿಯ ಕಾಲು. ಆಮೇಲೆ ಮಂಚದ ಕಾಲು, ಸ್ಟೂಲಿನ ಕಾಲು, ಮನೆಯಲ್ಲಿ ಅಜ್ಜನಿದ್ದರೆ ಅಜ್ಜನ ಊರುಗೋಲಿನ ತುದಿ. ಇಷ್ಟೆಲ್ಲ ಮುಗಿದ ಮೇಲೆ ಪುರುಸೊತ್ತಿದ್ದರೆ "ಚೆನ್ನಾಗಿದ್ದೀರಾ?" ಎನ್ನುತ್ತಾರೆ. ಇಪ್ಪತ್ತಾರು ವರ್ಷದಿಂದ ಅವರು ತಯಾರಿಸುತ್ತಿರುವುದು ಒಂದೇ ವಸ್ತು: ಕಾಲಿರುವ ಸಾಮಾನು ಜಾರದಂತೆ, ಕಿರುಗುಟ್ಟದಂತೆ ಕಾಲಿನ ತುದಿಗೆ ಹಾಕುವ ರಬ್ಬರ್ ಬುಷ್. ಓಣಿಯ ಮಕ್ಕಳು ಅವರನ್ನು ಬುಷ್ ಮಾವ ಎಂದು ಕರೆದು ಕರೆದು, ಅವರ ಹೆಂಡತಿ ಇಡೀ ಓಣಿಗೇ ಅತ್ತೆಯಾಗಿಬಿಟ್ಟರು.

ಮನೆಯ ಹಿಂದಿನ ಕೋಣೆಯೇ ಕಾರ್ಖಾನೆ. ನಡುವೆ ಎಮ್ಮೆಯಷ್ಟು ಭಾರದ ಒಂದು ಪ್ರೆಸ್ಸು. ಕಾದ ಅಚ್ಚಿನೊಳಗೆ ರಬ್ಬರಿನ ತುಂಡುಗಳನ್ನಿಟ್ಟು, ಚಕ್ರ ತಿರುಗಿಸಿ ಅದುಮಿದರೆ ಹದಿನಾರು ಬುಷ್ ಒಟ್ಟಿಗೆ ಹುಟ್ಟುತ್ತವೆ. ಕಿಟಕಿಯ ಪಕ್ಕದ ಮೇಜಿನಲ್ಲಿ ಅಕ್ಕತಂಗಿಯರಿಬ್ಬರು ಕೂತು, ಅವುಗಳ ಅಂಚನ್ನು ಕತ್ತರಿಯಿಂದ ಸವರುತ್ತಾ, ಜೊತೆಗೆ ಓಣಿಯವರ ಮರ್ಯಾದೆಯನ್ನೂ ಒಂದಿಷ್ಟು ಸವರುತ್ತಾರೆ.

ಇಷ್ಟು ವರ್ಷ ಮಾವನ ಬುಷ್ಷನ್ನೆಲ್ಲ ಕೊಳ್ಳುತ್ತಿದ್ದುದು ಒಂದೇ ಒಂದು ಕುರ್ಚಿ ಕಾರ್ಖಾನೆ. ಅವರು ಇದ್ದಕ್ಕಿದ್ದಂತೆ ಪ್ಲಾಸ್ಟಿಕ್ ಕುರ್ಚಿಗೆ ತಿರುಗಿಕೊಂಡರು. ಪ್ಲಾಸ್ಟಿಕ್ ಕುರ್ಚಿಗೆ ಬುಷ್ ಬೇಡ. ಪೆಟ್ಟಿಗೆಗಳು ಹಿತ್ತಲಿನಿಂದ ಹಜಾರಕ್ಕೆ, ಹಜಾರದಿಂದ ಮಲಗುವ ಕೋಣೆಗೆ ಬಂದವು. ಅತ್ತೆ ಗುಜರಿಯವನನ್ನು ಕರೆಸಿ ಪ್ರೆಸ್ಸು ತೋರಿಸಿದರು. ಬರುವ ತಿಂಗಳು ಒಂದನೇ ತಾರೀಖು ಬಂದು ಎತ್ತಿಕೊಂಡು ಹೋಗುತ್ತೇನೆ ಎಂದು ಅವನು ಹೇಳಿ ಹೋದ. ಆ ಮಾತು ಕೇಳಿ ಮಾವ ಅವತ್ತಿಡೀ ಪ್ರೆಸ್ಸಿನ ಪಕ್ಕದಿಂದ ಏಳಲಿಲ್ಲ. ಅತ್ತೆಗೂ ಸಂಕಟವೇ. ಆದರೆ ಸಂಕಟಪಟ್ಟುಕೊಂಡು ಕೂರುವ ಹೆಂಗಸಲ್ಲ ಆಕೆ. ಸಣ್ಣ ಉದ್ಯಮಿಗಳ ಕೂಟ ಎಂಬುದೊಂದಿದೆ, ಪ್ರತಿ ಬುಧವಾರ ಬೆಳಿಗ್ಗೆ ಸೇರುತ್ತಾರೆ, ಒಬ್ಬರಿಗೊಬ್ಬರು ಗಿರಾಕಿ ತೋರಿಸುತ್ತಾರೆ ಎಂದು ಎಲ್ಲಿಂದಲೋ ಪತ್ತೆಹಚ್ಚಿ ಅರ್ಜಿ ತಂದರು. ಮಾವ ಅದನ್ನು ನಾಲ್ಕು ಮಡಿಕೆ ಮಡಚಿ, ಅಲುಗಾಡುತ್ತಿದ್ದ ಊಟದ ಮೇಜಿನ ಕಾಲಿಗೆ ಕೊಟ್ಟರು. ಅತ್ತೆ ಅದನ್ನು ಎಳೆದು ತೆಗೆದು ತಾವೇ ತುಂಬಿದರು.

"ಹೋಗಿ ಬಾಯಿ ಬಿಟ್ಟು ಮಾತಾಡ್ಬೇಕು, ತಿಳೀತಾ? ಇನ್ನು ಐದು ಬುಧವಾರ ಇದೆ. ಅಷ್ಟರಲ್ಲಿ ಒಬ್ಬರಾದ್ರೂ ಕೇಳ್ಕೊಂಡು ಬಂದ್ರೆ ಪ್ರೆಸ್ಸು ಉಳಿಯುತ್ತೆ. ಇಲ್ದಿದ್ರೆ ನನ್ನನ್ನ ಬೈಕೋಬೇಡಿ."

ಕೂಟದಲ್ಲಿ ಇಪ್ಪತ್ನಾಲ್ಕು ಜನ, ಉದ್ದನೆಯ ಬಟ್ಟೆ ಹೊದಿಸಿದ ಒಂದು ಮೇಜು, ಇಪ್ಪತ್ನಾಲ್ಕು ಕಬ್ಬಿಣದ ಕುರ್ಚಿ. ಒಬ್ಬೊಬ್ಬರೂ ಎದ್ದು ನಿಂತು ಒಂದು ನಿಮಿಷ ತಮ್ಮ ಕಸುಬಿನ ಬಗ್ಗೆ ಹೇಳಬೇಕು. ನಿಮಿಷ ಮುಗಿದರೆ ಗಂಟೆ. ಅಧ್ಯಕ್ಷರು ತೂಕದ ಯಂತ್ರ ತಯಾರಿಸುವವರು. ಗೋಡೆಯ ಮೇಲಿನ ಫೋಟೋ ಕೂದಲೆಳೆಯಷ್ಟು ಓರೆಯಾದರೂ ಎದ್ದು ಹೋಗಿ ಸರಿಮಾಡಿ ಬರುವ ಸ್ವಭಾವ.

ಮೊದಲ ವಾರ ಮಾವ ಎದ್ದು ನಿಂತು "ನಾನು... ಬುಷ್..." ಎಂದರು. ಅಲ್ಲಿಗೆ ನಾಲಿಗೆ ಮುಷ್ಕರ ಹೂಡಿತು. ಉಳಿದ ಐವತ್ತೈದು ಸೆಕೆಂಡೂ ಎಲ್ಲರೂ ಅವರನ್ನು ನೋಡಿದರು, ಅವರು ಎಲ್ಲರ ಕುರ್ಚಿಯ ಕಾಲು ನೋಡಿದರು. ತೊಂಬತ್ತಾರು ಕಾಲು, ಒಂದಕ್ಕೂ ಬುಷ್ ಇಲ್ಲ! ಯಾರು ಎದ್ದರೂ ಕಿರ್ರ್, ಯಾರು ಕೂತರೂ ಕಿರ್ರ್. ಮಾವ ಮನಸ್ಸಿನಲ್ಲೇ ಬುಷ್ ಎಣಿಸತೊಡಗಿದರು.

ಎರಡನೇ ವಾರ ಜೇಬು ತುಂಬ ಬುಷ್ ತುಂಬಿಕೊಂಡು ಹೋದರು. ತಮ್ಮ ಸರದಿ ಬರುವಷ್ಟರಲ್ಲಿ "ಪೆನ್ ಬಿತ್ತು" ಎಂದು ಮೇಜಿನ ಕೆಳಗೆ ನುಗ್ಗಿದರು. ಅಲ್ಲಿ ಏನು ನೆಮ್ಮದಿ! ಯಾರ ಮುಖವೂ ಇಲ್ಲ, ಬರೀ ಕಾಲು. ಕೂತವರು ಎದ್ದು ಮಾತಾಡುವ ಹೊತ್ತಿಗೆ ಅವರ ಕುರ್ಚಿ ಮೆಲ್ಲಗೆ ಎತ್ತಿ, ನಾಲ್ಕು ಬುಷ್ ಒತ್ತಿ ಇಳಿಸುತ್ತಿದ್ದರು. ಸರದಿ ದಾಟಿಹೋದ ಮೇಲೆ ಮಂಡಿ ಕೊಡವಿಕೊಂಡು ಮೇಲೆ ಬರುತ್ತಿದ್ದರು. ಮೂರನೇ ವಾರವೂ ಪೆನ್ ಬಿತ್ತು, ನಾಲ್ಕನೇ ವಾರವೂ ಬಿತ್ತು. ಪಾಪ, ಪಕ್ಕದಲ್ಲಿ ಕೂರುವ ಪ್ರೆಸ್ಸಿನವರು, ಎಂದರೆ ಕಾರ್ಡು ಅಚ್ಚು ಹಾಕುವವರು, ಮಾವನಿಗೊಂದು ಡಜನ್ ಪೆನ್ನು ತಂದುಕೊಟ್ಟರು. ಒಂದೊಂದಕ್ಕೂ ಕುತ್ತಿಗೆಗೆ ನೇತುಹಾಕಿಕೊಳ್ಳಲು ದಾರ ಬೇರೆ ಕಟ್ಟಿದ್ದರು.

ಮನೆಗೆ ಬಂದರೆ ಅತ್ತೆಯದು ಒಂದೇ ಪ್ರಶ್ನೆ.

"ಮಾತಾಡಿದ್ರಾ?"

"ಮಾತಾಡ್ದೆ."

"ಜನ ಏನಂದ್ರು?"

"ಗಲಾಟೆ ಎಷ್ಟೋ ಕಮ್ಮಿ ಆಗಿದೆ."

ಹೆಂಡತಿಗೆ ಸುಳ್ಳು ಹೇಳಿದೆನಲ್ಲ ಎಂದು ಮಾವನಿಗೆ ಅನ್ನ ಸೇರುತ್ತಿರಲಿಲ್ಲ. ಆದರೂ ಮುಂದಿನ ವಾರದ ಬುಷ್ಷುಗಳನ್ನು ಮಾತ್ರ ಮರೆಯದೆ ಎಣಿಸಿ ಇಟ್ಟುಕೊಳ್ಳುತ್ತಿದ್ದರು.

ಐದನೇ ಬುಧವಾರ ಉಳಿದಿದ್ದು ಅಧ್ಯಕ್ಷರ ಕುರ್ಚಿಯೊಂದೇ. ಮಾರನೆಯ ದಿನ ಒಂದನೇ ತಾರೀಖು. ಅಧ್ಯಕ್ಷರು ಭಾಷಣಕ್ಕೆ ಎದ್ದರು, ಮಾವ ಕೆಳಗಿಳಿದರು. ಮೂರು ಕಾಲಿಗೆ ಬುಷ್ ಸಲೀಸಾಗಿ ಕೂತಿತು. ನಾಲ್ಕನೆಯದಕ್ಕೆ ಏನು ಮಾಡಿದರೂ ಹೋಗಲೊಲ್ಲದು. ಬೆರಳಿನಿಂದ ಮುಟ್ಟಿ ನೋಡಿದರು. ಅದು ಬೇರೆ ಪೈಪು, ಒಂದಿಷ್ಟು ದಪ್ಪ.

"ಸ್ನೇಹಿತರೇ, ವ್ಯವಹಾರದಲ್ಲಿ ಮುಖ್ಯ ಅಂದ್ರೆ ಸಮತೋಲನ," ಎಂದು ಮುಗಿಸಿ ಅಧ್ಯಕ್ಷರು ಕೂತರು. ಕುರ್ಚಿ ಲಟಕ್ ಎಂದು ಎಡಕ್ಕೆ ವಾಲಿತು. ಸಾವರಿಸಿಕೊಂಡರು. ಲಟಕ್ ಎಂದು ಬಲಕ್ಕೆ. ಒಂದು ಗ್ರಾಂ ಹೆಚ್ಚುಕಮ್ಮಿಯಾದರೂ ಸಹಿಸದ ಮನುಷ್ಯ, ಇಪ್ಪತ್ಮೂರು ಜನರ ಎದುರು ತೊಟ್ಟಿಲಾಡಿದರು. ಕುರ್ಚಿ ಮಗುಚಿ ನೋಡಿದರೆ ಮೂರು ಕಾಲಿಗೆ ಕರಿ ಬೂಟು, ಒಂದು ಬರಿಗಾಲು.

"ಯಾರ್ರೀ ಈ ಕೆಲಸ ಮಾಡಿದ್ದು?"

ಎಲ್ಲರೂ ತಮ್ಮ ತಮ್ಮ ಕುರ್ಚಿ ಮಗುಚಿದರು. ಎಲ್ಲದಕ್ಕೂ ಬೂಟು! "ಅದಕ್ಕೇನಾ ಇತ್ತೀಚೆಗೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸ್ತಿರೋದು!" ಎಂದು ಏಣಿ ತಯಾರಿಸುವಾಕೆ ಬೆರಗಾದರು.

"ನಾನು ಸಾರ್," ಎಂದಿತು ಮೇಜಿನ ಕೆಳಗಿನ ದನಿ.

"ಪೆನ್ ಇನ್ನೂ ಸಿಗ್ಲಿಲ್ವಾ?" ಎಂದು ಅಚ್ಚಿನವರು ಬಗ್ಗಿ ಕೇಳಿದರು.

"ಪೆನ್ ಅಲ್ಲ ಸಾರ್, ಕಾಲು. ಅಧ್ಯಕ್ಷರ ಕುರ್ಚಿಗೆ ಮೂರು ಕಾಲು ಇಪ್ಪತ್ತೆರಡು ಮಿಲಿಮೀಟರು ದಪ್ಪ, ಒಂದು ಇಪ್ಪತ್ತೈದು. ಯಾವಾಗ್ಲೋ ಮುರಿದಾಗ ಕೈಗೆ ಸಿಕ್ಕಿದ ಪೈಪು ಬೆಸೆದುಬಿಟ್ಟಿದ್ದಾರೆ. ಅಂಗಡೀಲಿ ನಾಲ್ಕೂ ಒಂದೇ ಅಳತೆ ಕೊಡ್ತಾರೆ. ಹೀಗೆ ಒಂಟಿ ಕಾಲಿಗೆ ಯಾರೂ ಮಾಡ್ಕೊಡಲ್ಲ. ನಾನು ಮಾಡ್ತೀನಿ. ಏಣಿಗೂ ಮಾಡ್ತೀನಿ. ಇವರ ಏಣಿ ನುಣುಪು ನೆಲದಲ್ಲಿ ಜಾರೋದು ಏಣಿ ತಪ್ಪಲ್ಲ, ಬುಷ್ಷಿನ ತಳದಲ್ಲಿ ಗೆರೆ ಇಲ್ಲ, ಅದಕ್ಕೆ..."

ಮುಖ ಕಾಣದ ಧೈರ್ಯಕ್ಕೆ ಮಾವನ ಬಾಯಿ ಕಟ್ಟೆಯೊಡೆದಿತ್ತು. ಇಪ್ಪತ್ತಾರು ವರ್ಷದ ಮಾತೆಲ್ಲ ಹೊರಗೆ ಬಂತು. ಗಂಟೆ ಹಿಡಿದವನು ಬಡಿಯುವುದನ್ನೇ ಮರೆತು, ಮೇಜಿನ ಬಟ್ಟೆ ಎತ್ತಿ ಹಿಡಿದು ಕೇಳುತ್ತಾ ಕುಕ್ಕರುಗಾಲಲ್ಲಿ ಕೂತಿದ್ದ. ಏಣಿಯಾಕೆ ವಿಳಾಸ ಬರೆದುಕೊಂಡರು. ಆಸ್ಪತ್ರೆ ಮಂಚ ಮಾಡುವ ನನ್ನ ಭಾವನಿಗೂ ನಿಮ್ಮನ್ನು ಪರಿಚಯಿಸುತ್ತೇನೆ ಎಂದರು. ಅಧ್ಯಕ್ಷರು ಮಾತ್ರ ಆ ಬರಿಗಾಲನ್ನೇ ನೋಡುತ್ತಿದ್ದರು.

ಅಧ್ಯಕ್ಷರನ್ನೇ ತೊಟ್ಟಿಲಾಡಿಸಿಬಿಟ್ಟೆನಲ್ಲ ಎಂದು ಮಾವ ಬಾಲ ಮುದುಡಿಕೊಂಡು ಮನೆಗೆ ಬಂದರು.

"ಮಾತಾಡಿದ್ರಾ?"

"ಮಾತಾಡ್ದೆ."

ಐದು ವಾರದಲ್ಲಿ ಮೊದಲ ಸಲ ನಿಜ ಹೇಳಿದ್ದರು. ಅತ್ತೆ ತಲೆಯೆತ್ತಿಯೂ ನೋಡಲಿಲ್ಲ. ಇವತ್ತಿಂದು ನಿಜ ಕಣೇ ಎನ್ನೋಣವೆಂದರೆ ಹಳೆಯವು ನಾಲ್ಕೂ ಬಯಲಾಗುತ್ತವೆ. ಮಾವ ಎದ್ದು ಹೋಗಿ ಪ್ರೆಸ್ಸು ಒರೆಸತೊಡಗಿದರು.

ಮರುದಿನ ಬೆಳಿಗ್ಗೆ ಗುಜರಿಯವನ ಗಾಡಿ ಬಂತು. ಅವನು ಪ್ರೆಸ್ಸಿಗೆ ಹಗ್ಗ ಬಿಗಿಯುತ್ತಿದ್ದಾಗ ಬಾಗಿಲಲ್ಲಿ ಅಧ್ಯಕ್ಷರು ನಿಂತಿದ್ದರು. ತಲೆಯ ಮೇಲೆ ಅದೇ ಕುರ್ಚಿ, ಕಂಕುಳಲ್ಲಿ ತೂಕದ ಯಂತ್ರ.

"ಒಂದು ವಾರ ಕಾಯೋಕೆ ನನ್ನ ಕೈಲಾಗಲ್ಲ ಅಮ್ಮ. ಕೂತ್ರೆ ವಾಲುತ್ತೆ, ನಿಂತ್ರೆ ವಾಲಿದ ಹಾಗೇ ಅನ್ಸುತ್ತೆ. ಆಮೇಲೆ ನೋಡಿ, ನಮ್ಮ ಯಂತ್ರ ತೂಕ ತಪ್ಪು ತೋರಿಸುತ್ತೆ ಅಂತ ಎರಡು ವರ್ಷದಿಂದ ಬೈಸ್ಕೊಳ್ತಿದ್ದೀನಿ. ಒಳಗಿಂದೆಲ್ಲ ಬಿಚ್ಚಿ ನೋಡಿದ್ದೆ, ಕಾಲು ಮಾತ್ರ ನೋಡಿರ್ಲಿಲ್ಲ. ಇನ್ಮೇಲೆ ಎಲ್ಲಾ ಯಂತ್ರಕ್ಕೂ ನಿಮ್ಮ ಬುಷ್ಷೇ. ಅಬ್ಬಾ, ನಿಮ್ಮ ಯಜಮಾನ್ರು ನಿನ್ನೆ ಮೊದಲನೇ ಸಲ ಬಾಯಿ ಬಿಟ್ರು ನೋಡಿ!"

ಅತ್ತೆಯ ಮುಖ ಅರಳಿ, ಹಾಗೇ ನಿಂತಿತು. "ಮೊದಲನೇ ಸಲ?"

ಅಕ್ಕತಂಗಿಯರ ಕತ್ತರಿಗಳು ನಿಂತವು. ತಿರುಗಿ ನೋಡಿದರೆ ಮಾವ ಇಲ್ಲ. ಅಂಚು ಸವರುವ ಮೇಜಿನ ಕೆಳಗೆ ಎರಡು ಪಾದ ಕಾಣುತ್ತಿದ್ದವು.

ಅತ್ತೆ ಮೊದಲು ಗುಜರಿಯವನ ಹಗ್ಗ ತಾವೇ ಬಿಚ್ಚಿ ಅವನ ಕೈಗಿತ್ತರು. ಆಮೇಲೆ ಮೇಜಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಈಚೆ ಬನ್ನಿ."

"ಬರಲ್ಲ. ಇಲ್ಲಿಂದ್ಲೇ ಹೇಳ್ತೀನಿ," ಎಂದಿತು ಕೆಳಗಿನ ದನಿ. "ನಂಗೆ ತುಂಬ ಭಯ ಆಗಿತ್ತು ಕಣೇ. ಪ್ರೆಸ್ಸು ಹೋದ್ರೆ ನಾನೇನು ಮಾಡ್ಲಿ ಅಂತ. ನೀನು ಅಷ್ಟು ಆಸೆಯಿಂದ ಕಳಿಸ್ತಿದ್ದೆ. ಆಗ್ಲಿಲ್ಲ ಅಂತ ನಿನ್ನ ಮುಖ ನೋಡ್ಕೊಂಡು ಹೇಳೋಕೆ ಬಾಯೇ ಬರ್ಲಿಲ್ಲ."

ಅತ್ತೆಯ ಕಣ್ಣು ತುಂಬಿಬಂತು. ಬಗ್ಗಿದರು, ಮಂಡಿಯೂರಿದರು.

"ಸ್ವಲ್ಪ ಸರೀರಿ ಆ ಕಡೆ," ಎಂದು ತಾವೂ ಮೇಜಿನ ಕೆಳಗೆ ನುಸುಳಿದರು. "ಈಗ ಹೇಳಿ. ನಿನ್ನೆ ಏನೇನು ಮಾತಾಡಿದ್ರಿ? ಒಂದೂ ಬಿಡ್ಬೇಡಿ."

ಮಾವ ಮೊದಲಿನಿಂದ ಶುರುಮಾಡಿದರು. ಅಧ್ಯಕ್ಷರು ಕುರ್ಚಿ ತಲೆಯ ಮೇಲಿಟ್ಟುಕೊಂಡೇ ಕಾದರು.