ಇಪ್ಪತ್ತನೇ ನಂಬರಿನಲ್ಲಿ ದಾಟಿದ ದನಿ

ದೆವ್ವ, ಅಶರೀರವಾಣಿ ಎಂದವರನ್ನು ಬಾಯ್ತುಂಬ ಗೇಲಿ ಮಾಡುತ್ತಿದ್ದವನು ನಾನು. ನನ್ನದು ನೆಟ್‌ವರ್ಕ್ ಕೆಲಸ. ದಾರಿ ಮುಚ್ಚಿದರೆ ಸದ್ದು ದಾಟುವುದಿಲ್ಲ, ಅಷ್ಟೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ತಿತಿಮತಿ ಹತ್ತಿರದ ಎಸ್ಟೇಟು. ಕಾಡಿನಂಚಿಗೆ ಕ್ಯಾಮೆರಾ, ಕಾಫಿ ಪಿಕಿಂಗ್ ನಡೆಯುವ ಬ್ಲಾಕಿಗೆ ಸ್ಪೀಕರು. ಆನೆ ಕಂಡರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಆಫೀಸಿನ ಮೈಕಿನಲ್ಲಿ ಕೂಗುತ್ತಿದ್ದರು. ಎಲ್ಲಕ್ಕೂ ಪಂಪ್‌ಹೌಸಿನ ನೆಟ್‌ವರ್ಕ್ ಸ್ವಿಚ್ಚಿನ ಮೂಲಕ ಹೋಗುವ ಒಂದೇ ಕೇಬಲ್. ಆ ಒಂದರಲ್ಲೇ ಹಲವು ಜಾಲಗಳನ್ನು ಬೇರೆ ಬೇರೆಯಾಗಿ ಓಡಿಸಬಹುದು. ಅದಕ್ಕೆ ವಿ-ಲ್ಯಾನ್ ಎನ್ನುತ್ತೇವೆ. ಪ್ರತಿ ಜಾಲಕ್ಕೊಂದು ನಂಬರು. ಪಟ್ಟಿಯಲ್ಲಿರುವ ನಂಬರನ್ನು ಮಾತ್ರ ಸ್ವಿಚ್ಚು ದಾಟಲು ಬಿಡುತ್ತದೆ. ಕ್ಯಾಮೆರಾ, ಸ್ಪೀಕರಿನದು ಇಪ್ಪತ್ತು.

ಆ ಮಧ್ಯಾಹ್ನ ಎಸ್ಟೇಟಿನ ಹೋಂಸ್ಟೇ ವೈಫೈಗೆಂದು ಮೂವತ್ತನ್ನು ಸೇರಿಸಲು ಆಫೀಸಿನಲ್ಲಿ ಕೂತಿದ್ದೆ. ಕಮಾಂಡಿನಲ್ಲಿ ‘ಆಡ್’, ಅಂದರೆ ಸೇರಿಸು, ಎಂಬ ಪದ ಬಿಟ್ಟರೆ ಹಳೆಯ ಪಟ್ಟಿ ಪೂರಾ ಅಳಿಸಿ ಹೊಸ ನಂಬರೊಂದೇ ಉಳಿಯುತ್ತದೆ. ನಾನು ಬಿಟ್ಟೆ. ಕ್ಯಾಮೆರಾ ಸ್ಕ್ರೀನಿನಲ್ಲಿ ಮೂರು ಆನೆಗಳು ಬ್ಲಾಕಿನ ಕಡೆ ತಿರುಗಿದ್ದವು. ರೈಟರು ಮೈಕು ಎತ್ತಿಕೊಳ್ಳುವಷ್ಟರಲ್ಲಿ ಎಂಟರ್ ಒತ್ತಿಬಿಟ್ಟಿದ್ದೆ.

“ಏನ್ ಮಾರಾಯಾ ಮಾಡ್ದೆ? ಎಲ್ಲ ಕಪ್ಪಾಯ್ತಲ್ಲ!”

ಸ್ವಿಚ್ಚು ನನ್ನನ್ನೂ ಹೊರಗೆ ಹಾಕಿತ್ತು, ಆಫೀಸಿನಿಂದ ಸರಿಪಡಿಸುವಂತಿರಲಿಲ್ಲ. ಬ್ಲಾಕಿನಲ್ಲಿ ಮೊಬೈಲಿಗೆ ರೇಂಜಿಲ್ಲ. ಅಲ್ಲಿ ಹನ್ನೊಂದು ಹೆಂಗಸರು, ಅವರಲ್ಲಿ ನನ್ನ ಅಕ್ಕ. ಬ್ಲಾಕಿಗೆ ಮೂರು ಕಿಲೋಮೀಟರು, ಪಂಪ್‌ಹೌಸು ಅರ್ಧ ದಾರಿಗೆ. ಎದ್ದು ಬಿದ್ದು ಓಡಿದೆ. “ಅಕ್ಕಾ, ಗೇಟ್ ಕಡೆ ಬರ್ಬೇಡ, ಓಡು!” ಎಂದು ಅಳುತ್ತಲೇ ಅರಚಿದೆ. ಅಷ್ಟು ದೂರದಿಂದ ಯಾರಿಗೆ ಕೇಳಬೇಕು?

ಪಂಪ್‌ಹೌಸಿನಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದರೆ ಪಟ್ಟಿಯಲ್ಲಿ ಮೂವತ್ತೊಂದೇ. ಬದಲಾವಣೆ ಸೇವ್ ಮಾಡಿರಲಿಲ್ಲ. ಸ್ವಿಚ್ಚನ್ನು ಆಫ್ ಮಾಡಿ ಆನ್ ಮಾಡಿದೆ. ಹಳೆಯ ಪಟ್ಟಿ ಮರಳುವವರೆಗೆ ಕಾಯಲಾರದೆ ಮತ್ತೆ ಓಡಿದೆ. ಬ್ಲಾಕಿನ ಗೇಟು ಮುರಿದು ಬಿದ್ದಿತ್ತು, ಆನೆಗಳು ಚೀಲ ತುಳಿದು ಕಾಫಿ ಹಣ್ಣೆಲ್ಲ ಚೆಲ್ಲಾಪಿಲ್ಲಿಯಾಗಿತ್ತು. ಒಬ್ಬರೂ ಇಲ್ಲ. ಕೈಯಾರೆ ಕೊಂದೆನಲ್ಲಪ್ಪಾ ಎಂದುಕೊಳ್ಳುತ್ತ ಕೆಲಸಗಾರರ ಲೈನ್‌ಮನೆಗಳ ಕಡೆ ಓಡಿದೆ.

ಹನ್ನೊಂದು ಜನವೂ ಅಲ್ಲಿ ಸಿಕ್ಕರು. ಅಕ್ಕ ನನ್ನನ್ನೇ ಬೈದಳು. “ನೀನೇ ಅಲ್ವೇನೋ ಮೈಕಲ್ಲಿ ಕಿರ್ಚಿದ್ದು? ಗೇಟ್ ಕಡೆ ಬರ್ಬೇಡ ಅಂದ್ಯಲ್ಲ, ತೋಡಿನ್ ನೀರ್ ದಾಟಿ ಓಡ್ಬಂದ್ವಿ. ಅಷ್ಟ್ ಅಳ್ತಿದ್ದೆ ಯಾಕೆ?” ಉಳಿದ ಹತ್ತೂ ಜನ ಅದನ್ನೇ ಹೇಳಿದರು.

ನಾನು ದಾರಿಯಲ್ಲಿ ಅರಚುವಾಗ ಮೈಕು ಆಫೀಸಿನಲ್ಲಿ ರೈಟರ ಕೈಯಲ್ಲೇ ಇತ್ತು. ಆಮೇಲೂ ಇಪ್ಪತ್ತಕ್ಕೆ ದಾರಿಯಿಲ್ಲದ್ದನ್ನು ಪಂಪ್‌ಹೌಸಿನಲ್ಲಿ ನಾನು ಕಣ್ಣಾರೆ ನೋಡಿದ್ದೆ. ತಮ್ಮನೇ ನಮ್ಮ ಜೀವ ಉಳಿಸಿದ ಎಂದು ಅಕ್ಕ ಕಂಡವರ ಮುಂದೆಲ್ಲ ಹೇಳುತ್ತಾಳೆ. ಸ್ಪೀಕರನ್ನು ಮೂಕ ಮಾಡಿದವನೂ ನಾನೇ ಎಂದು ಅವಳಿಗೆ ಇನ್ನೂ ಹೇಳಿಲ್ಲ.